ಮಾವಳ್ಳಿ ಪಂಚಾಯಿತಿಯ ಮೇಲೆ ಮಹಾನಗರದ ಶನಿವಾರ

ಶುಕ್ರವಾರ ರಾತ್ರಿ ಒಂಬತ್ತರ ಮೇಲೆ ನವರಂಗ್‌ನಿಂದ ಗೊರಗುಂಟೆಪಾಳ್ಯದ ತನಕ ರಸ್ತೆ ಬದಿಯನ್ನು ಗಮನಿಸುತ್ತ ಹೋಗಿ. ಶಟರ್ ಎಳೆದ ಅಂಗಡಿಗಳ ಮೆಟ್ಟಿಲ ಮೇಲೆ ಬ್ಯಾಗು ತೊಡೆಗಿಟ್ಟುಕೊಂಡು ಕೂತ ಹುಡುಗರು, ಮಗುವನ್ನು ಸೂಟ್‌ಕೇಸಿನ ಮೇಲೆ ಕೂರಿಸಿ ಬೀಳದಂತೆ ಹಿಡಿದುಕೊಂಡ ತಾಯಂದಿರು, ‘ಅಣ್ಣಾ, ಗಾಡಿ ಎಲ್ಲಿಗೆ ಬಂತು? ನಾವು ಫ್ಲೈಓವರ್ ಕೆಳಗೇ ಇದೀವಿ’ ಎಂದು ಡ್ರೈವರಿಗೆ ಮತ್ತೆ ಮತ್ತೆ ಫೋನು ಮಾಡುವ ಯಜಮಾನರು. ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದಿಂದ ಆಟೊ ಹಿಡಿದು ಬಂದ ಮನೆಮಂದಿಯೇ ಇಲ್ಲಿ ಹೆಚ್ಚು. ಬಂದು ನಿಲ್ಲುವ ಬಸ್ಸುಗಳ ಬೋರ್ಡು ಓದುತ್ತ ಹೋದರೆ ನಮ್ಮ ಕರಾವಳಿಯ ಭೂಪಟವೇ ಸಿಗುತ್ತದೆ: ಉಡುಪಿ, ಕುಂದಾಪುರ, ಭಟ್ಕಳ, ಮುರುಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ. ಸೋಮವಾರ ಬೆಳಕು ಹರಿಯುವಾಗ ಇದೇ ಜನ ಇದೇ ಜಾಗದಲ್ಲಿ ಇಳಿಯುತ್ತಾರೆ. ಸ್ನಾನ ಮುಗಿಸಿ ಹತ್ತು ಗಂಟೆಗೆ ಆಫೀಸು.

ಬೆಂಗಳೂರಿಗೆ ಸಮುದ್ರವಿಲ್ಲ. ಪೂರ್ವಕ್ಕೆ ಚೆನ್ನೈ, ಪಶ್ಚಿಮಕ್ಕೆ ಘಟ್ಟ ಇಳಿದರೆ ಮಂಗಳೂರು, ಎರಡೂ ಮುನ್ನೂರೈವತ್ತು ಕಿಲೊಮೀಟರ್ ಆಸುಪಾಸು. ಮುರುಡೇಶ್ವರ ಇನ್ನೂ ದೂರ, ಸುಮಾರು ಐನೂರು. ಆದರೂ ತುಮಕೂರು ರಸ್ತೆಗೆ ಅಂಟಿಕೊಂಡ ನಮ್ಮ ಪಶ್ಚಿಮದ ಬಡಾವಣೆಗಳಿಗೆ ಅದು ಒಂದು ರಾತ್ರಿಯ ನಿದ್ದೆಯಷ್ಟೇ ದೂರದ ಊರು. ಕಡಲ ತೀರ ಸಾವಿರಾರು ವರ್ಷಗಳಿಂದ ಅಲ್ಲೇ ಇತ್ತು. ಅಲ್ಲೊಂದು ಪ್ರವಾಸಿ ಊರು ಎದ್ದದ್ದು ಮಾತ್ರ ಮೊನ್ನೆ ಮೊನ್ನೆ, ಒಳನಾಡಿನ ಜನರ ಕೈಗೆ ರಜೆ, ಬಸ್ಸು, ರೈಲು ಸಿಕ್ಕ ಮೇಲೆ. ಇದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯೇನಲ್ಲ. ದುಡಿಯುವ ಜನರ ರಜೆಯಿಂದಲೇ ಕಡಲೂರು ಹೇಗೆ ಎದ್ದು ನಿಲ್ಲುತ್ತದೆ, ಹೇಗೆ ಸೊರಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಒಂದು ತುಂಬು ಉದಾಹರಣೆ. ಅದನ್ನು ಒಮ್ಮೆ ನೋಡಿಕೊಂಡು ಬಂದರೆ ಮುರುಡೇಶ್ವರದಲ್ಲಿ ಏನಾಗಿದೆ, ಏನಾಗಿಲ್ಲ ಎಂಬುದು ಚೆನ್ನಾಗಿ ಕಾಣುತ್ತದೆ.

ಮಿಲ್ಲುಗಳು ಕಟ್ಟಿದ ಊರು

ಇಂಗ್ಲೆಂಡಿನಲ್ಲಿ ಸಮುದ್ರಕ್ಕೆ ಹೋಗುವ ಚಾಳಿ ಶುರುವಾದದ್ದು ಔಷಧಿಯ ಹೆಸರಿನಲ್ಲಿ. ರಿಚರ್ಡ್ ರಸೆಲ್ ಎಂಬ ವೈದ್ಯ 1750ರ ದಶಕದಲ್ಲಿ ಉಪ್ಪು ನೀರಿನಲ್ಲಿ ಮುಳುಗಿದರೆ, ಅದನ್ನೇ ಕುಡಿದರೆ ರೋಗ ವಾಸಿಯಾಗುತ್ತದೆ ಎಂದು ಸಾರಿದ. ಸಿರಿವಂತರು ದಕ್ಷಿಣ ತೀರದ ಬ್ರೈಟನ್‌ಗೆ ಮುಗಿಬಿದ್ದರು. ಅಲ್ಲಿ ಯುವರಾಜ ಕಟ್ಟಿಸಿಕೊಂಡ ಅರಮನೆಗೆ ನಮ್ಮ ಕಡೆಯ ಗುಮ್ಮಟಗಳ ಚಹರೆ. ಪಟ್ನಾದಲ್ಲಿ ಹುಟ್ಟಿದ ಸೇಕ್ ದೀನ್ ಮಹಮದ್ ಅದೇ ಊರಿನಲ್ಲಿ ಹಬೆ ಸ್ನಾನದ ಮನೆ ತೆರೆದು, ಚಂಪಿ ಮಾಡಿ, ರಾಜಮನೆತನದವರ ಮೈ ತಿಕ್ಕುವಷ್ಟು ಹೆಸರಾದ. ಆದರೆ ಬ್ರೈಟನ್ ಮೊದಲಿಗೆ ದೊಡ್ಡವರ ಊರು. ಬಡವರ ಕಡಲೂರು ಹುಟ್ಟಿದ್ದು ವಾಯವ್ಯದಲ್ಲಿ, ಹತ್ತಿ ಗಿರಣಿಗಳ ಲ್ಯಾಂಕಶೈರ್ ಸೀಮೆಯಲ್ಲಿ.

1801ರ ಜನಗಣತಿಯ ಹೊತ್ತಿಗೆ ಬ್ಲ್ಯಾಕ್‌ಪೂಲ್‌ನಲ್ಲಿ ಇದ್ದದ್ದು ಐನೂರಕ್ಕೂ ಕಡಿಮೆ ಜನ. 1846ರಲ್ಲಿ ರೈಲು ಬಂತು. 1901ರ ಹೊತ್ತಿಗೆ ಜನಸಂಖ್ಯೆ 47 ಸಾವಿರ ದಾಟಿತ್ತು. ಈ ನೂರು ವರ್ಷಗಳಲ್ಲಿ ಊರನ್ನು ಬೆಳೆಸಿದವರು ಓಲ್ಡ್‌ಹ್ಯಾಮ್, ಬರ್ನ್‌ಲಿ, ಬ್ಲ್ಯಾಕ್‌ಬರ್ನ್‌ನ ನೂಲುವವರು, ನೇಯುವವರು. ಆ ಸೀಮೆಯಲ್ಲಿ ಪ್ರತಿ ಊರಿಗೂ ‘ವೇಕ್ಸ್’ ಎಂಬ ಹಳೆಯ ಹಬ್ಬವಿತ್ತು. ನಮ್ಮ ಊರ ಜಾತ್ರೆಯ ಹಾಗೆ ಒಂದೊಂದು ಊರಿಗೆ ಒಂದೊಂದು ದಿನಾಂಕ. ಗಿರಣಿಗಳು ಬಂದ ಮೇಲೆ ಆ ಹಬ್ಬವೇ ವಾರದ ರಜೆಯಾಯಿತು. ಆ ವಾರ ಇಡೀ ಊರಿನ ಮಿಲ್ಲುಗಳು ಬಾಗಿಲು ಹಾಕುತ್ತಿದ್ದವು, ಬಾಯ್ಲರ್ ಆರಿಸಿ ರಿಪೇರಿ ಮಾಡುತ್ತಿದ್ದರು, ಕೆಲಸಗಾರರು ರೈಲು ಹತ್ತುತ್ತಿದ್ದರು. ಒಂದು ವಾರ ಒಂದು ಊರು, ಮರುವಾರ ಇನ್ನೊಂದು. ಹೀಗಾಗಿ ಬೇಸಿಗೆಯುದ್ದಕ್ಕೂ ಬ್ಲ್ಯಾಕ್‌ಪೂಲ್‌ಗೆ ಜನ ಸರದಿಯ ಮೇಲೆ ಬಂದರು. ಒಂದೇ ದಿನ ಎಲ್ಲರೂ ಬಂದು ನುಗ್ಗಲಿಲ್ಲ. ಈ ಸರದಿಯ ವಿಷಯಕ್ಕೆ ಮುಂದೆ ಬರೋಣ.

ದುಡ್ಡು ಎಲ್ಲಿಂದ? ಬಹುಕಾಲ ಆ ರಜೆಗೆ ಸಂಬಳವಿರಲಿಲ್ಲ. ಕೆಲಸಗಾರರು ವರ್ಷವಿಡೀ ವಾರಕ್ಕಿಷ್ಟು ಎಂದು ಚೀಟಿ ಕಟ್ಟಿ, ರಜೆಯ ವಾರ ಒಟ್ಟಿಗೆ ಎತ್ತಿಕೊಳ್ಳುತ್ತಿದ್ದರು. 1844ರ ಕಾಯ್ದೆ ಮೂರನೇ ದರ್ಜೆಯ ಪ್ರಯಾಣಕ್ಕೆ ಮೈಲಿಗೆ ಒಂದು ಪೆನ್ನಿಯ ಮಿತಿ ಹಾಕಿತ್ತು. ಜಾನ್ ಲುಬಕ್ ಎಂಬ ಸಂಸದ 1871ರಲ್ಲಿ ತಂದ ಬ್ಯಾಂಕ್ ರಜೆಗಳ ಕಾಯ್ದೆ ದೇಶಕ್ಕೆಲ್ಲ ಸೋಮವಾರದ ಕೆಲವು ರಜೆಗಳನ್ನು ಕೊಟ್ಟಿತು. ಸಂಬಳ ಸಹಿತ ಒಂದು ವಾರದ ರಜೆಗೆ ಕಾನೂನಿನ ಬಲ ಬರಲು 1938ರ ತನಕ ಕಾಯಬೇಕಾಯಿತು.

ಬಂದವರಿಗೆ ಊರು ಏನು ಕೊಟ್ಟಿತು? ಕಡಲ ಮೇಲೆ ನಡೆದು ಹೋಗಲು ಕಬ್ಬಿಣದ ಕಂಬಗಳ ಕಟ್ಟೆಗಳು, 1863ರಲ್ಲಿ ಒಂದು, 1868ರಲ್ಲಿ ಇನ್ನೊಂದು, 1893ರಲ್ಲಿ ಮತ್ತೊಂದು. 1879ರಲ್ಲಿ ತೀರದ ರಸ್ತೆಗೆ ವಿದ್ಯುತ್ ದೀಪ. ಶಿವನಸಮುದ್ರದ ಕರೆಂಟು ಬಂದು ಬೆಂಗಳೂರಿನ ಬೀದಿ ಬೆಳಗಿದ್ದು 1905ರಲ್ಲಿ ಎಂಬುದನ್ನು ನೆನೆದರೆ ಅದು ಎಷ್ಟು ಮುಂಚೆ ಎಂದು ತಿಳಿಯುತ್ತದೆ. 1885ರಲ್ಲಿ ವಿದ್ಯುತ್ ಟ್ರಾಮ್. ಪ್ಯಾರಿಸ್ಸಿನ ಐಫೆಲ್ ಗೋಪುರ ನೋಡಿ ಬಂದ ಮೇಯರ್ ಜಾನ್ ಬಿಕರ್‌ಸ್ಟಾಫ್ ಮುಂದೆ ನಿಂತು ಕಂಪನಿ ಕಟ್ಟಿಸಿದ. 1894ರ ಮೇ ತಿಂಗಳಲ್ಲಿ 158 ಮೀಟರ್ ಎತ್ತರದ ಬ್ಲ್ಯಾಕ್‌ಪೂಲ್ ಟವರ್ ತೆರೆಯಿತು. ಗೋಪುರದ ನಾಲ್ಕು ಕಾಲುಗಳ ನಡುವೆ ಸರ್ಕಸ್, ಪಕ್ಕದಲ್ಲಿ ನೃತ್ಯಶಾಲೆ, ಮೇಲೆ ಹೋಗಲು ಲಿಫ್ಟು. ಮಿಲ್ಲಿನ ಹೊಗೆಯಲ್ಲಿ ಐವತ್ತೊಂದು ವಾರ ಕಳೆದವನು ಒಂದು ವಾರ ಕಾಸು ಕೊಟ್ಟು ಮೇಲೇರಿ ಸಮುದ್ರ ನೋಡುತ್ತಿದ್ದ.

ಇಲ್ಲಿ ಒಂದು ಅಂಶವನ್ನು ಬಿಡಿಸಿ ನೋಡಬೇಕು. ಗೋಪುರ ಖಾಸಗಿ ಕಂಪನಿಯದು. ಆದರೆ ತೀರದ ರಸ್ತೆ, ದೀಪ, ಚರಂಡಿ, ಮುಂದೆ ಟ್ರಾಮ್ ಕೂಡ ನಗರಸಭೆಯ ಕೆಲಸ. 1876ರಲ್ಲೇ ಬ್ಲ್ಯಾಕ್‌ಪೂಲ್‌ಗೆ ನಗರಸಭೆಯ ಸ್ಥಾನ ಸಿಕ್ಕಿತ್ತು. 1879ರಲ್ಲಿ ಊರಿನ ಪ್ರಚಾರಕ್ಕೆಂದೇ ಸ್ಥಳೀಯ ತೆರಿಗೆ ಎತ್ತುವ ಅಧಿಕಾರವನ್ನು ಅದು ಪಾರ್ಲಿಮೆಂಟಿನಿಂದ ಪಡೆಯಿತು. ಆಗ ಬೇರೆ ಊರುಗಳಿಗೆ ಇಲ್ಲದ ಅಧಿಕಾರ ಅದು. ಬಂದ ಜನರಿಂದ ಊರಿನ ಅಂಗಡಿಗೆ ದುಡ್ಡು, ಅಂಗಡಿಯಿಂದ ನಗರಸಭೆಗೆ ತೆರಿಗೆ, ತೆರಿಗೆಯಿಂದ ದೀಪ ಮತ್ತು ಚರಂಡಿ, ಅದನ್ನು ನೋಡಿ ಇನ್ನಷ್ಟು ಜನ. ಈ ಚಕ್ರ ತಿರುಗಿದ್ದರಿಂದ ಹಳ್ಳಿ ಹೋಗಿ ಪಟ್ಟಣವಾಯಿತು.

ಬಿನ್ನಿಪೇಟೆಯಿಂದ ಕಡಲಿಗೆ

ನಮ್ಮ ಪಶ್ಚಿಮ ಬೆಂಗಳೂರಿಗೂ ಮಿಲ್ಲಿನ ಚರಿತ್ರೆಯಿದೆ. 1884ರಲ್ಲಿ ಶುರುವಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಲು, ಅಂದರೆ ಜನರ ಬಾಯಲ್ಲಿ ಬಿನ್ನಿ ಮಿಲ್ಲು, ಒಂದು ಪೇಟೆಗೇ ಹೆಸರು ಕೊಟ್ಟಿತು. ಮಿನರ್ವ ಮಿಲ್ಲು, ಮಲ್ಲೇಶ್ವರದ ಕಡೆ ರಾಜಾ ಮಿಲ್ಲು, ಆಮೇಲೆ ರಾಜಾಜಿನಗರದ ಕೈಗಾರಿಕಾ ವಸಾಹತು, ಪೀಣ್ಯ. ಬಿನ್ನಿ ಮಿಲ್ಲು ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು, ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್. ಮ್ಯಾಂಚೆಸ್ಟರಿನ ಮಿಲ್ಲಿನವನಿಗೆ ಕಡಲು ಎಂಬತ್ತು ಕಿಲೊಮೀಟರ್ ದೂರದಲ್ಲಿತ್ತು, ಬಿನ್ನಿ ಮಿಲ್ಲಿನವನಿಗೆ ನಡುವೆ ಪಶ್ಚಿಮ ಘಟ್ಟವೇ ಅಡ್ಡ. ಅದಕ್ಕೂ ಮಿಗಿಲಾಗಿ, ಇಲ್ಲಿ ದುಡಿದವನಿಗೆ ರಜೆ ಎಂದರೆ ‘ಊರು’. ತುಮಕೂರು, ಮಂಡ್ಯ, ಹಾಸನದ ಕಡೆಯಿಂದ ಬಂದವನು ಹಬ್ಬಕ್ಕೆ, ಜಾತ್ರೆಗೆ, ಸುಗ್ಗಿಗೆ ಊರಿಗೇ ಹೋಗುತ್ತಿದ್ದ. 1948ರ ಕಾರ್ಖಾನೆ ಕಾಯ್ದೆ ಇಪ್ಪತ್ತು ದಿನ ದುಡಿದರೆ ಒಂದು ದಿನದಂತೆ ಸಂಬಳ ಸಹಿತ ರಜೆ ಕೊಟ್ಟಿತು ನಿಜ. ಆ ರಜೆಯೂ ಊರಿನ ಮದುವೆ, ತಿಥಿ, ದೇವರ ಕೆಲಸಕ್ಕೇ ಸರಿಹೋಗುತ್ತಿತ್ತು.

ಕಡಲು ನಮ್ಮವರ ರಜೆಯ ಪಟ್ಟಿಗೆ ಸೇರಿದ್ದು ದೇವರ ಮೂಲಕ. ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ ಎನ್ನುವ ಸುತ್ತಿನಲ್ಲಿ ದರ್ಶನ ಮುಗಿದ ಮೇಲೆ ಮಕ್ಕಳು ಅಲೆಯಲ್ಲಿ ಆಡಲಿ ಎಂದು ಒಂದು ಗಂಟೆ. ಶಾಲಾ ಪ್ರವಾಸದ ಬಸ್ಸು, ಮೂರು ದಿನದ ಪ್ಯಾಕೇಜಿನ ಟಿ.ಟಿ. ಗಾಡಿ, ಎರಡೂ ಓಡುವುದು ಇದೇ ಸುತ್ತಿನಲ್ಲಿ. ಇಂಗ್ಲೆಂಡಿನಲ್ಲಿ ವೈದ್ಯ ಮಾಡಿದ ಕೆಲಸವನ್ನು ನಮ್ಮಲ್ಲಿ ಕ್ಷೇತ್ರ ಮಾಡಿತು. ಮಜಾ ಮಾಡಲು ಹೋಗುತ್ತೇವೆ ಎಂದು ಮನೆಯಲ್ಲಿ ಹಿರಿಯರ ಎದುರು ಹೇಳಲಾಗದವರಿಗೆ ಅದೊಂದು ನೆಪವೂ ಆಯಿತು.

ರೈಲು ಬಂದ ಕಥೆ ಮಾತ್ರ ನಿಧಾನದ್ದು. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ತೆರೆದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಐವತ್ತೈದು ಕಿಲೊಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ. ಬ್ರಾಡ್ ಗೇಜ್ ಮಾಡಲೆಂದು ನಿಲ್ಲಿಸಿದ ಪ್ರಯಾಣಿಕರ ರೈಲು ವರ್ಷಗಟ್ಟಲೆ ಓಡಲೇ ಇಲ್ಲ. 2007ರ ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. ಅತ್ತ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ ಜೀವ ಪಡೆದ ಕೊಂಕಣ ರೈಲ್ವೆ 1998ರ ಜನವರಿ 26ಕ್ಕೆ ಪೂರ್ತಿ ತೆರೆದುಕೊಂಡು ಭಟ್ಕಳ, ಮುರುಡೇಶ್ವರ, ಹೊನ್ನಾವರಗಳಿಗೆ ನಿಲ್ದಾಣ ಕೊಟ್ಟಿತು. ಎರಡು ದಾರಿಯನ್ನೂ ನೆಟ್ಟಗೆ ಜೋಡಿಸಿ, ಕುಣಿಗಲ್ ಮೇಲೆ ಹಾದು ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಬಂದದ್ದು 2020ರ ಮಾರ್ಚಿನಲ್ಲಿ. ಈಗ ಕೆಂಗೇರಿ, ಮಂಡ್ಯ, ಮೈಸೂರು ಮೇಲೆ ಸುತ್ತಿಕೊಂಡು ಮುರುಡೇಶ್ವರಕ್ಕೇ ಹೋಗುವ ರೈಲೂ ಇದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟನ್ನೇ ತೆಗೆದುಹಾಕಿತು. ಇಂಗ್ಲೆಂಡ್ 1844ರಿಂದ 1938ರ ನಡುವೆ ಹೆಜ್ಜೆ ಹೆಜ್ಜೆಯಾಗಿ ಕಂಡದ್ದನ್ನು ನಾವು ಇಪ್ಪತ್ತೈದು ವರ್ಷಗಳಲ್ಲಿ ನೋಡಿದ್ದೇವೆ.

ಗುಡ್ಡದ ಮೇಲಿನ ಗೋಪುರ

ರಾವಣ ಕೈಲಾಸದಿಂದ ತಂದ ಆತ್ಮಲಿಂಗ ಗಣಪತಿಯ ಉಪಾಯದಿಂದ ಗೋಕರ್ಣದಲ್ಲಿ ನೆಲೆಯೂರಿತು. ಸಿಟ್ಟಿನಲ್ಲಿ ಅವನು ಕಿತ್ತೆಸೆದ ಹೊದಿಕೆಯ ಬಟ್ಟೆ ಕಂದುಕಗಿರಿಯಲ್ಲಿ ಬಿದ್ದು ಮುರುಡೇಶ್ವರವಾಯಿತು ಎನ್ನುತ್ತದೆ ಸ್ಥಳಪುರಾಣ. ಮೂರು ಕಡೆ ನೀರು ಸುತ್ತಿದ ಆ ಗುಡ್ಡವನ್ನು ಇವತ್ತಿನ ರೂಪಕ್ಕೆ ತಂದವರು ಅದೇ ಊರಿನಲ್ಲಿ 1928ರಲ್ಲಿ ಹುಟ್ಟಿದ ಆರ್.ಎನ್. ಶೆಟ್ಟಿ. ಸಣ್ಣ ಗುತ್ತಿಗೆಗಳಿಂದ ಶುರುಮಾಡಿ ಅಣೆಕಟ್ಟು, ಕಾಲುವೆ, ಸುರಂಗಗಳ ದೊಡ್ಡ ಗುತ್ತಿಗೆದಾರರಾಗಿ ಬೆಳೆದವರು. ಕೊಂಕಣ ರೈಲ್ವೆಯ ಕೆಲವು ಸುರಂಗಗಳನ್ನು ಕೊರೆದದ್ದೂ ಅವರ ಕಂಪನಿಯೇ. ಕೆಂಗೇರಿ–ಉತ್ತರಹಳ್ಳಿ ರಸ್ತೆಯ ಚನ್ನಸಂದ್ರದಲ್ಲಿ 2001ರಲ್ಲಿ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು; ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಓದಿದ್ದಾರೆ. 2020ರ ಡಿಸೆಂಬರಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಶಿವಮೊಗ್ಗದ ಶಿಲ್ಪಿ ಕಾಶೀನಾಥ್ ಮತ್ತು ಅವರ ಮಕ್ಕಳ ಕೈಯಲ್ಲಿ 123 ಅಡಿಯ ಶಿವ ಎದ್ದ. 2008ರಲ್ಲಿ 237 ಅಡಿಯ ರಾಜಗೋಪುರ ಉದ್ಘಾಟನೆಯಾಯಿತು. ಗೋಪುರಗಳಿರುವ ದೇವಸ್ಥಾನ ನಾಡಿನಲ್ಲಿ ಸಾಕಷ್ಟಿವೆ. ಇದರಲ್ಲಿ ಲಿಫ್ಟ್ ಇದೆ, ಅದೇ ವಿಶೇಷ. ಬುಡದ ಎರಡು ಕಾಂಕ್ರೀಟ್ ಆನೆಗಳ ಪಕ್ಕ ಸಾಲಿನಲ್ಲಿ ನಿಂತು, ಟಿಕೆಟ್ ಪಡೆದು, ಹದಿನೆಂಟನೇ ಅಂತಸ್ತಿನಲ್ಲಿ ಇಳಿದರೆ ಕಿರಿದಾದ ಕಿಂಡಿಗಳು. ಒಂದು ಕಿಂಡಿಯಲ್ಲಿ ಶಿವನ ಮೂರ್ತಿ, ಅದರಾಚೆ ನೀರು. ಇನ್ನೊಂದರಲ್ಲಿ ತೆಂಗಿನ ತೋಟ, ಲಾಡ್ಜುಗಳ ತಾರಸಿ, ನೀಲಿ ನೀರಿನ ಟ್ಯಾಂಕುಗಳು. ಮತ್ತೊಂದರಲ್ಲಿ ಮರಳಿನ ಮೇಲೆ ಎಳೆದಿಟ್ಟ ಮೀನುಗಾರರ ದೋಣಿಗಳು, ಅವುಗಳ ನಡುವೆಯೇ ಪಾರ್ಕ್ ಮಾಡಿದ ಕಾರುಗಳು. ಹಿಂದಿನವರು ಫೋಟೊ ತೆಗೆಯಲು ಕಾಯುತ್ತಿರುವುದರಿಂದ ಪ್ರತಿ ಕಿಂಡಿಗೂ ಅರ್ಧ ನಿಮಿಷ. ಬ್ಲ್ಯಾಕ್‌ಪೂಲ್ ಟವರಿನ ಮೇಲೂ ಕಾಸು ಕೊಟ್ಟವನಿಗೆ ದಕ್ಕುವುದು ಇದೇ. ಕಡಲ ಮಟ್ಟದಲ್ಲಿ ನಿಂತರೆ ಕಾಣದ ಕಡಲನ್ನು ಮೇಲಿಂದ ನೋಡುವ ಸುಖ.

ಗುಡ್ಡದ ಕೆಳಗೆ ಉಳಿದದ್ದೆಲ್ಲ ಕಡಲೂರಿನ ಸಾಮಾನು: ಶಿವನ ಪೀಠದಡಿ ಗೋಕರ್ಣದ ಕಥೆ ಹೇಳುವ ಗುಹೆ, ಕಡಲಿಗೆ ಚಾಚಿಕೊಂಡ ಹೋಟೆಲು, ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ದೋಣಿ, ಬಾಡಿಗೆಯ ಟ್ಯೂಬು, ಚುರುಮುರಿ, ಹೆಸರು ಬರೆಸಿಕೊಳ್ಳುವ ಶಂಖ. ಬ್ಲ್ಯಾಕ್‌ಪೂಲ್‌ನಲ್ಲಿ ಒಂದು ಗುಲಾಬಿ ಬಣ್ಣದ ಸಕ್ಕರೆ ಕಡ್ಡಿ ಮಾರುತ್ತಾರೆ. ಎಲ್ಲಿ ಮುರಿದರೂ ಒಳಗೆ ಊರಿನ ಹೆಸರಿನ ಅಕ್ಷರಗಳು ಕಾಣುವ ಹಾಗೆ ಎಳೆದು ಮಾಡಿದ ಮಿಠಾಯಿ. ಎರಡರ ಉದ್ದೇಶವೂ ಒಂದೇ, ಊರಿಗೆ ಹೋದ ಮೇಲೆ ತೋರಿಸಲು ಒಂದು ಸಾಕ್ಷಿ.

ಗೋಪುರ ಇದೆ, ನಗರಸಭೆ ಇಲ್ಲ

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಇನ್ನು ವ್ಯತ್ಯಾಸಗಳನ್ನು ನೋಡೋಣ, ಅವೇ ಮುಖ್ಯ.

ಮೊದಲನೆಯದು, ಉಳಿದುಕೊಳ್ಳುವ ರಾತ್ರಿಗಳ ಲೆಕ್ಕ. ಲ್ಯಾಂಕಶೈರಿನವನು ಒಂದು ವಾರ ಅದೇ ಮನೆಯಲ್ಲಿ ಇರುತ್ತಿದ್ದ, ಮರುವರ್ಷ ಮತ್ತೆ ಅದೇ ಮನೆಗೆ ಬರುತ್ತಿದ್ದ. ಅಲ್ಲಿನ ಸಾವಿರಾರು ಹೆಂಗಸರು ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಸಂಸಾರ ನಡೆಸಿದ್ದು ಈ ನಂಬಿಕೆಯ ಮೇಲೆ. ನಮ್ಮ ಶನಿವಾರದ ಪ್ರವಾಸಿ ಬೆಳಿಗ್ಗೆ ಇಳಿದು ಭಾನುವಾರ ರಾತ್ರಿ ಬಸ್ಸು ಹತ್ತುತ್ತಾನೆ. ಪ್ಯಾಕೇಜಿನವನು ಇನ್ನೂ ಅವಸರ. ದರ್ಶನ, ಲಿಫ್ಟ್, ಅಲೆ, ಊಟ, ಅರ್ಧ ದಿನಕ್ಕೆ ಮುಗಿಸಿ ಇಡಗುಂಜಿ ದಾಟಿ ಗೋಕರ್ಣ. ಅವನು ಊರಿನಲ್ಲಿ ಬಿಟ್ಟುಹೋಗುವ ದುಡ್ಡು ಕಡಿಮೆ, ಪ್ಲಾಸ್ಟಿಕ್ ಬಾಟಲು ಮಾತ್ರ ವಾರ ಇದ್ದವನಷ್ಟೇ.

ಎರಡನೆಯದು, ಸರದಿ. ಬ್ಲ್ಯಾಕ್‌ಪೂಲ್‌ಗೆ ಊರುಗಳು ಒಂದೊಂದು ವಾರ ಹಂಚಿಕೊಂಡು ಬಂದವು. ಬೆಂಗಳೂರು ಒಂದೇ ಶುಕ್ರವಾರ ರಾತ್ರಿ ಇಡಿಯಾಗಿ ಹೊರಡುತ್ತದೆ. ಎರಡನೇ ಶನಿವಾರಕ್ಕೆ ಒಂದು ಸೋಮವಾರದ ಹಬ್ಬ ಅಂಟಿಕೊಂಡಿತೆಂದರೆ ಖಾಸಗಿ ಬಸ್ಸಿನ ದರ ದುಪ್ಪಟ್ಟು, ಗೋಪುರದ ಕೆಳಗೆ ಗಂಟೆಗಟ್ಟಲೆ ಸಾಲು, ಲಾಡ್ಜುಗಳಲ್ಲಿ ಬಾಯಿಗೆ ಬಂದ ರೇಟು. ಮರುದಿನ ಮಂಗಳವಾರ ಅದೇ ಲಾಡ್ಜುಗಳ ಕೋಣೆಗಳು ಖಾಲಿ. ಎರಡು ದಿನದ ಜಾತ್ರೆಯನ್ನು ನಂಬಿ ಯಾರೂ ಒಳ್ಳೆಯ ಕಕ್ಕಸು ಕಟ್ಟಿಸುವುದಿಲ್ಲ, ವರ್ಷವಿಡೀ ಕೆಲಸದವರನ್ನು ಇಟ್ಟುಕೊಳ್ಳುವುದಿಲ್ಲ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಮುರುಡೇಶ್ವರ ಇಷ್ಟೆಲ್ಲ ಬೆಳೆದದ್ದು ಭಟ್ಕಳ ತಾಲ್ಲೂಕಿನ ಮಾವಳ್ಳಿ ಗ್ರಾಮ ಪಂಚಾಯಿತಿಯ ಆಡಳಿತದಲ್ಲಿ. ನಮ್ಮ ಲಾಲ್‌ಬಾಗ್ ಪಕ್ಕದ ಮಾವಳ್ಳಿಯಲ್ಲ, ಕಡಲ ತಡಿಯ ಹಳ್ಳಿ. ಗ್ರಾಮ ಪಂಚಾಯಿತಿಯ ಸ್ವಂತ ಆದಾಯವೆಂದರೆ ಮನೆ ಕಂದಾಯ, ನೀರಿನ ದರ, ಅಂಗಡಿ ಪರವಾನಗಿ, ಇಂಥವು. ನೀವು ಕೋಣೆಗೆ, ಊಟಕ್ಕೆ ಕಟ್ಟುವ ಜಿಎಸ್‌ಟಿ ಹೋಗುವುದು ರಾಜ್ಯಕ್ಕೆ, ಕೇಂದ್ರಕ್ಕೆ. ಬಾಟಲು ಹೆಕ್ಕುವುದು, ಲಾಡ್ಜಿನ ಕೊಳಚೆ ಎಲ್ಲಿಗೆ ಹರಿಯುತ್ತದೆ ಎಂದು ನೋಡುವುದು, ಹಬ್ಬದ ದಿನ ಕಾರುಗಳಿಗೆ ಜಾಗ ಹುಡುಕುವುದು ಮಾತ್ರ ಪಂಚಾಯಿತಿ ಪಾಲು. ಒಂದು ಕೋಟಿಗೂ ಹೆಚ್ಚು ಜನರ ಮಹಾನಗರದ ಶನಿವಾರವನ್ನು ಹಳ್ಳಿಯ ಪಂಚಾಯಿತಿ ಹೊರಬೇಕಾಗಿ ಬಂದಿದೆ. ಗೋಪುರವನ್ನು ಒಬ್ಬ ಶ್ರೀಮಂತನ ಭಕ್ತಿ ಕಟ್ಟಬಲ್ಲದು. ಚರಂಡಿ ಕಟ್ಟಲು ತೆರಿಗೆ ಎತ್ತುವ ಅಧಿಕಾರವಿರುವ ಸಂಸ್ಥೆ ಬೇಕು. ಬ್ಲ್ಯಾಕ್‌ಪೂಲ್‌ನಲ್ಲಿ ನಗರಸಭೆ ಮೊದಲು ಬಂತು, ಗೋಪುರ ಹದಿನೆಂಟು ವರ್ಷ ಆದ ಮೇಲೆ. ನಮ್ಮಲ್ಲಿ ಗೋಪುರ ಮುಂದಾಯಿತು.

ಈ ಕೊರತೆಯ ಬೆಲೆ ಕೆಲವೊಮ್ಮೆ ಜೀವ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಆಮೇಲೆ ತೀರವನ್ನು ಕೆಲಕಾಲ ಮುಚ್ಚಿದರು, ಈಜುವ ಜಾಗಕ್ಕೆ ಗುರುತು ಹಾಕಿದರು. ಕೆರೆ ಕುಂಟೆ ಮಾತ್ರ ನೋಡಿದ ಬಯಲುಸೀಮೆಯ ಮಕ್ಕಳಿಗೆ ಕಡಲಿನ ಒಂದು ಗುಣ ಗೊತ್ತಿರುವುದಿಲ್ಲ, ದೊಡ್ಡವರಿಗೂ ಗೊತ್ತಿರುವುದಿಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ಅದು ಎಲ್ಲ ಕಡೆ ಸಮವಾಗಿ ಹೋಗದೆ ಮರಳು ತಗ್ಗಾಗಿರುವ ಒಂದು ಕಿರಿದಾದ ಜಾಗದಲ್ಲಿ ಜೋರಾಗಿ ಒಳಕ್ಕೆ ಎಳೆಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ಅದಕ್ಕೇ ಜನ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡವರು ದಡದ ಕಡೆ ನೇರವಾಗಿ ಈಜಿದರೆ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ತಿರುಗಬೇಕು. ಇಂಗ್ಲೆಂಡಿನ ತೀರಗಳಲ್ಲಿ ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ಈಜಿ ಎಂದು ಜೀವರಕ್ಷಕರು ನಿಂತಿರುತ್ತಾರೆ. ಶಾಲೆಗಳು ಪ್ರವಾಸದ ಅನುಮತಿ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮುಂಚೆ ಈ ಎರಡು ಮಾತನ್ನು ಮಕ್ಕಳಿಗೆ ಹೇಳಿಕೊಟ್ಟರೆ ಖರ್ಚೇನೂ ಇಲ್ಲ.

ಮಳೆಗಾಲದ ನಾಲ್ಕು ತಿಂಗಳು

ಕಡಲೂರಿನ ದೊಡ್ಡ ಚಿಂತೆ ಸೀಸನ್ ಅಲ್ಲದ ತಿಂಗಳುಗಳು. ಬ್ಲ್ಯಾಕ್‌ಪೂಲ್‌ಗೆ ಅದು ಚಳಿ. ಬೇಸಿಗೆ ಮುಗಿಯುವ ಹೊತ್ತಿಗೆ ತೀರದ ಉದ್ದಕ್ಕೂ ಬಣ್ಣದ ದೀಪ ಹಚ್ಚುವ ಉತ್ಸವವನ್ನು 1912ರಲ್ಲಿ ಆರಂಭಿಸಿ, ಆ ಊರು ಶರತ್ಕಾಲವನ್ನೂ ದುಡಿಮೆಯ ಕಾಲ ಮಾಡಿಕೊಂಡಿತು. ನಮಗೆ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲಿಗೆ ಇಳಿಯುವಂತಿಲ್ಲ, ನೇತ್ರಾಣಿಯ ದೋಣಿ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಅಂದರೆ ಕರಾವಳಿಯ ಎರಡು ದುಡಿಮೆಗಳೂ ಒಟ್ಟಿಗೆ ನಿಲ್ಲುತ್ತವೆ. ಕಡಲಿನ ಮೇಲೆ ಏನಾದರೂ ಕಟ್ಟಿ ಆಕರ್ಷಣೆ ಮಾಡುತ್ತೇವೆ ಎಂದರೆ ನಮ್ಮ ಅರಬ್ಬಿ ಸಮುದ್ರ ಸುಮ್ಮನಿರುವುದಿಲ್ಲ. ಮಲ್ಪೆಯಲ್ಲಿ 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ತೇಲುವ ಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಬಿಡಿಬಿಡಿಯಾಯಿತು.

ಮಳೆಗಾಲದಲ್ಲಿ ತೋರಿಸಲು ನಮ್ಮಲ್ಲಿ ಇರುವುದೇ ಬೇರೆ. ಜೋಗ ತುಂಬಿ ಧುಮ್ಮಿಕ್ಕುವುದು ಆಗಲೇ, ಹೊನ್ನಾವರದಿಂದ ಅಲ್ಲಿಗೆ ಘಟ್ಟದ ದಾರಿ ಹತ್ತಿದರೆ ಆಯಿತು. ಬಯಲಿನಲ್ಲಿ ಆಡುವ ಯಕ್ಷಗಾನ ಮೇಳಗಳ ತಿರುಗಾಟ ಮಳೆ ಹಿಡಿಯುವ ಮುಂಚೆ ಮುಗಿದು ಕಲಾವಿದರು ಮನೆಯಲ್ಲಿರುತ್ತಾರೆ. ಮುರುಡೇಶ್ವರಕ್ಕೂ ಹೊನ್ನಾವರಕ್ಕೂ ನಡುವಿನ ಗುಣವಂತೆಯಲ್ಲಿ, ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆಯಿದೆ. ಹೊರಗೆ ಮಳೆ ಸುರಿಯುವಾಗ ಸೂರಿನಡಿ ಎರಡು ಗಂಟೆಯ ಆಟ, ಹಗಲು ಜೋಗ, ನಡುವೆ ಬಿಸಿ ಬಿಸಿ ಊಟ. ಇದಕ್ಕೆ ಹೊಸ ಗೋಪುರವೂ ಬೇಡ, ಕಡಲಿಗೆ ಕಾಂಕ್ರೀಟೂ ಬೇಡ. ವಾರದ ನಡುವಿನ ಪ್ರವಾಸಿಗೆ ಕಡಿಮೆ ದರ ಇಟ್ಟರೆ ಸರದಿಯೂ ತಾನಾಗಿ ಹುಟ್ಟುತ್ತದೆ.

ಇದನ್ನೆಲ್ಲ ಈಗಲೇ ಯೋಚಿಸಬೇಕಾದದ್ದು ಏಕೆಂದರೆ ಬರುವವರು ಸದಾ ಬರುತ್ತಲೇ ಇರುವುದಿಲ್ಲ. 1960–70ರ ದಶಕಗಳಲ್ಲಿ ಅಗ್ಗದ ವಿಮಾನ ಬಂದು ಬಿಸಿಲಿನ ಸ್ಪೇನ್ ಕೈಗೆಟುಕಿದ ಕೂಡಲೇ ಲ್ಯಾಂಕಶೈರಿನ ಕುಟುಂಬಗಳು ಅತ್ತ ಹಾರಿದವು. ಅಷ್ಟರಲ್ಲಿ ಮಿಲ್ಲುಗಳೂ ಮುಚ್ಚುತ್ತ ಬಂದವು. ಬ್ಲ್ಯಾಕ್‌ಪೂಲ್‌ನ ಬಾಡಿಗೆ ಮನೆಗಳು ಬಡವರ ಒಂಟಿ ಕೋಣೆಗಳಾದವು. 2019ರ ಸರ್ಕಾರಿ ಸೂಚ್ಯಂಕದಲ್ಲಿ ಇಂಗ್ಲೆಂಡಿನ ಅತಿ ಹಿಂದುಳಿದ ಹತ್ತು ನೆರೆಹೊರೆಗಳಲ್ಲಿ ಎಂಟು ಈ ಒಂದೇ ಊರಿನವು. ಈಗಲೂ ಜನ ಬರುತ್ತಾರೆ, ದೀಪೋತ್ಸವ ನಡೆಯುತ್ತದೆ, ಟ್ರಾಮ್ ಓಡುತ್ತದೆ. ಆದರೆ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಜನರ ಊರು ಪೂರ್ತಿ ಅತಿಥಿಯ ಮೇಲೇ ನಿಂತದ್ದರ ಬೆಲೆಯನ್ನು ಇವತ್ತಿಗೂ ಕಟ್ಟುತ್ತಿದೆ. ನಮ್ಮ ಬಡಾವಣೆಗಳ ಟ್ರಾವೆಲ್ ಏಜೆನ್ಸಿಗಳ ಬೋರ್ಡುಗಳಲ್ಲಿ ಥಾಯ್ಲೆಂಡ್, ವಿಯೆಟ್ನಾಂ, ಬಾಲಿ ಬಂದು ಕೂತಾಗಿದೆ. ಮುರುಡೇಶ್ವರಕ್ಕೆ ಒಂದು ಆಸರೆಯಿದೆ: ಅಲ್ಲಿ ದೇವರಿದ್ದಾನೆ, ಮೀನಿದೆ, ತೆಂಗಿದೆ. ಆ ಮೂರನ್ನೂ ಲಾಡ್ಜಿಗೆ ಬಲಿಕೊಡದಿದ್ದರೆ ಸಾಕು.

ಹಾಗಾದರೆ ಮಾಡಬೇಕಾದದ್ದೇನು? ಯುರೋಪಿನ ಹಲವು ಊರುಗಳು ಪ್ರವಾಸಿಯಿಂದ ರಾತ್ರಿಗೆ ಇಷ್ಟು ಎಂದು ಪಡೆದು ಅದನ್ನು ಊರಿಗೇ ಖರ್ಚು ಮಾಡುತ್ತವೆ. ವೆನಿಸ್ 2024ರಿಂದ ದಟ್ಟಣೆಯ ದಿನಗಳಲ್ಲಿ ಬಂದು ಹೋಗುವವರಿಂದಲೂ ಐದು ಯೂರೊ ವಸೂಲಿ ಆರಂಭಿಸಿತು. ಕಡಲ ತಡಿಯ ನಮ್ಮ ಊರುಗಳಿಗೂ ಅಂಥದ್ದೊಂದು ಅಧಿಕಾರ, ಅದರ ಲೆಕ್ಕ ಊರಿನ ಸಭೆಯಲ್ಲಿ ಓದಬೇಕೆಂಬ ಕಟ್ಟುಪಾಡು, ಆ ದುಡ್ಡಿನಲ್ಲಿ ಜೀವರಕ್ಷಕರು, ಕಕ್ಕಸು, ಕೊಳಚೆ ಶುದ್ಧೀಕರಣ, ಈ ಕ್ರಮದಲ್ಲೇ, ಸಿಗಬೇಕು. ಶುಚಿತ್ವ, ಸುರಕ್ಷತೆಗಾಗಿ ಕೊಡುವ ನೀಲಿ ಬಾವುಟದ ಮಾನ್ಯತೆಯನ್ನು ಪಕ್ಕದ ಹೊನ್ನಾವರದ ಕಾಸರಕೋಡು ತೀರ 2020ರಲ್ಲೇ ಪಡೆದಿದೆ. ಅಂದ ಮೇಲೆ ಆಗದ ಮಾತಲ್ಲ. ರಾತ್ರಿಗೆ ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ನಮ್ಮಲ್ಲಿ ಯಾರ ಪ್ರವಾಸವೂ ನಿಲ್ಲುವುದಿಲ್ಲ. ಹಬ್ಬದ ರಾತ್ರಿ ಬಸ್ಸಿಗೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಡುತ್ತಲೇ ಇದ್ದೇವೆ. ರಜೆ ಹಾಕಲು ಸಾಧ್ಯವಿರುವವರು ಮಂಗಳವಾರ ಹೊರಟು ಎರಡು ರಾತ್ರಿ ಉಳಿದರೆ, ಮೀನುಗಾರರ ಮನೆಯ ಹೋಮ್‌ಸ್ಟೇಗೋ ಖಾನಾವಳಿಗೋ ಆ ದುಡ್ಡು ತಲುಪಿದರೆ, ಆ ಊರಿಗೆ ನಾವು ಶನಿವಾರದ ಹೊರೆಯಾಗುವುದು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ.